ಒಲ್ಲೆ ಎಂಬ ಮಾತಿನ ಸ್ಥಾಯಿ

ಗಂಡ ನನ್ನ ಮುಖಕ್ಕೆ ಜೇಡಿಮಣ್ಣು ಮೆತ್ತಿದ್ದು
ಚಳಿಗಾಲ ಕಳೆಯುವ ಮೊದಲು.
ಮೂಗಿನ ಹೊಳ್ಳೆಗೆ ಎರಡು ಜೊಂಡಿನ ಕೊಳವೆ.
"ಅಲುಗಬೇಡ, ನಗಬೇಡ" ಅಂದ.
ಕೊನೆಗೆ ನಕ್ಕದ್ದು ಯಾವಾಗ ಎಂದು ಹುಡುಕುತ್ತ
ಮಣ್ಣು ಆರುವ ತನಕ ಮಲಗಿದ್ದೆ.

ಅಚ್ಚಿನ ಮೇಲೆ ನಾರುಬಟ್ಟೆ, ಬಟ್ಟೆಯ ಮೇಲೆ ಅಂಟು,
ಮತ್ತೆ ಬಟ್ಟೆ, ಮತ್ತೆ ಅಂಟು.
ಎತ್ತಿನ ಗೊರಸು ಕುದಿಸಿದ ಆ ನಾತ
ಮಗುವಿನ ಹಾಲಿನಲ್ಲೂ.
ಗಂಡು ಪಾತ್ರಕ್ಕೆ ಇಟ್ಟಿಗೆಗೆಂಪು,
ಹೆಣ್ಣಿಗೆ ಸುಣ್ಣದ ಬಿಳುಪು,
ಬಿಸಿಲು ಕಾಣದವರ ಬಣ್ಣ.
ಆಮೇಲೆ ಚಾಕು ತೆಗೆದು
ನಾನು ಮುಚ್ಚಿಕೊಂಡಿದ್ದ ಬಾಯನ್ನು
ಅವನೇ ಕೊರೆದು ತೆರೆದ.

ನಾಟಕದವನು ಬಂದ, ಲೈಸಾನಿಯಾಸ್.
ಗಡ್ಡ ಬೋಳಿಸಿದ ಕೆನ್ನೆ, ಒಳ್ಳೆಯ ಮನುಷ್ಯ.
ಗಂಡಸರ ಕೋಣೆಯಲ್ಲಿ ಕೂತು
ನೀರು ಬೆರೆಸಿದ ದ್ರಾಕ್ಷಾರಸ ಕುಡಿಯುತ್ತ ಕೇಳಿದ:
"ಹಸಿದ ಶತ್ರುಗಳ ಮಕ್ಕಳಿಗೆ
ರಾಣಿ ಕಣಜ ತೆರೆದಿದ್ದಾಳೆ.
ಅರಸ ಗದರುತ್ತಾನೆ: ಬೀಗದಕೈ ಕೊಡು,
ಎರಡು ಸಲ ಹೇಳುವವನಲ್ಲ ನಾನು.
ಅವಳು ಒಲ್ಲೆ ಅನ್ನುತ್ತಾಳೆ.
ಆಗ ಹೆಣ್ಣಿನ ಸ್ವರ
ಏರುತ್ತದೋ ಇಳಿಯುತ್ತದೋ, ಸ್ಮಿಕ್ರಿಯಾಸ್?"

"ಏರುತ್ತದೆ" ಅಂದ ನನ್ನ ಗಂಡ, ಎಲ್ಲ ಬಲ್ಲವನಂತೆ.

ಗೋಡೆಯ ಈಚೆ ಮಗ್ಗದ ಬುಡದಲ್ಲಿ ನಾನು.
ಇಳಿಯುತ್ತದೆ.
ಬಾವಿಗೆ ಬಿಟ್ಟ ಕೊಡದ ಹಾಗೆ
ನೀರು ಸಿಗುವ ತನಕ ಇಳಿಯುತ್ತದೆ.
ಒಂದು ಸಲವೂ ಅಂದವಳಲ್ಲ,
ಹೇಗೆ ಗೊತ್ತು ಎಂದು ಕೇಳಬೇಡಿ.
ಲಾಳಿ ಎಸೆದೆ, ಹಿಡಿದೆ, ಸುಮ್ಮನಾದೆ.

ಹಬ್ಬದ ದಿನ ಗುಡ್ಡದ ತೆಂಕಣ ಇಳಿಜಾರಿನಿಂದ
ಊರಿಗೆ ಊರೇ ಕೂಗಿದ್ದು ಕೇಳಿಸಿತು.
ನನ್ನ ಮುಖ ಅಲ್ಲಿ ಅರಸನನ್ನು ಎದುರಿಸುತ್ತಿತ್ತು,
ನಾನು ಇಲ್ಲಿ ಜವೆಯಿಂದ ಕಲ್ಲು ಆರಿಸುತ್ತಿದ್ದೆ.
ನೆರೆಯವರಿಗೆ ನನ್ನ ಹೆಸರು ಗೊತ್ತಿಲ್ಲ.
ಗೊತ್ತಾಗದಿರುವುದೇ ನನ್ನ ಮಾನವಂತೆ.

ಎರಡನೆಯ ಬಹುಮಾನ.
ಮೊಗವಾಡ ಮನೆಗೆ ಮರಳಿತು, ತುಟಿಯಂಚಿನಲ್ಲಿ ಬಿರುಕು.
ಎಲ್ಲರೂ ಮಲಗಿದ ಮೇಲೆ ಉಗ್ರಾಣಕ್ಕೆ ಹೋಗಿ
ಹಾಕಿಕೊಂಡೆ.
ಒಳಗೆ ಗಂಡಸಿನ ಬೆವರು, ಬೆಳ್ಳುಳ್ಳಿ.
ನನ್ನದೇ ಮುಖ, ನನಗೇ ಸಡಿಲ.
"ಒಲ್ಲೆ" ಅಂದೆ.
ಎಣ್ಣೆಯ ಜಾಡಿಗಳ ನಡುವೆ
ಅದು ಬೆಕ್ಕಿನ ಸೀನಿನ ಹಾಗೆ ಕೇಳಿಸಿತು.

ಬಾಗಿಲಲ್ಲಿ ಹಣತೆ ಹಿಡಿದು ಥ್ರಾಟ್ಟ.
ಥ್ರಾಟ್ಟ ಅಂದರೆ ಥ್ರೇಸಿನವಳು, ಅಷ್ಟೇ.
ಸಂತೆಯಲ್ಲಿ ಕೊಂಡಾಗ ಅದನ್ನೇ ಹೇಳಿದ್ದರು.
"ಯಾರಿಗೆ ಹೇಳುತ್ತಿದ್ದೀರಿ, ಒಡತಿ?" ಅಂದಳು.
ಹಣತೆ ಕೆಳಗಿಟ್ಟು, ನನ್ನ ಕಿವಿಯ ಹಿಂದಿನ ದಾರ ಬಿಚ್ಚಿ,
ಮೊಗವಾಡ ತೆಗೆದು
ತಾನು ತೊಟ್ಟಳು.

ಸರಿಯಾಗಿ ಕೂತಿತು ಅವಳಿಗೆ.
ನನ್ನ ಮೂಗು, ನನ್ನ ಗಲ್ಲ,
ತೂತಿನೊಳಗೆ ಅವಳ ನೀಲಿ ಕಣ್ಣು.

"ಕೊಡು" ಅಂದೆ.
ಅವಳು ಅಲುಗಲಿಲ್ಲ.
"ಕೊಡು. ಎರಡು ಸಲ ಹೇಳುವವಳಲ್ಲ ನಾನು."

ಯಾವ ನಾಟಕವನ್ನೂ ನೋಡದ ನನ್ನ ಬಾಯಿಗೆ
ಅರಸನ ಮಾತು ಅದೆಷ್ಟು ಸಲೀಸಾಗಿ ಬಂತು!

"ಒಲ್ಲೆ."

ಏರಲಿಲ್ಲ, ಇಳಿಯಲಿಲ್ಲ.
ಹಡಗಿನ ಹಲಗೆಯ ಮೇಲೆ ಮೊದಲೇ ಒಮ್ಮೆ ಇಟ್ಟು
ತೂಗಿ ನೋಡಿದ ಕಲ್ಲಿನಂತೆ
ಇದ್ದಲ್ಲೇ ಇತ್ತು.

ಬತ್ತಿ ಚಟಗುಟ್ಟಿತು.
ಅವಳೇ ಬಿಚ್ಚಿ, ಬಿರುಕು ಕಾಣದ ಹಾಗೆ ತಿರುಗಿಸಿ
ಗೂಟಕ್ಕೆ ತೂಗುಹಾಕಿದಳು.
ಹೆಸರು ಕೇಳಬೇಕೆಂದುಕೊಂಡೆ.
ಬೆಳಗಾಗಿತ್ತು, ಹಿಟ್ಟು ನಾದುವುದಿತ್ತು,
ಇಬ್ಬರೂ ನಾದಿದೆವು.
ಕೇಳಲಿಲ್ಲ.